ವೃತ್ತಿ ತರಬೇತಿಯಲ್ಲಿ ಅಭ್ಯರ್ಥಿಯ ಆಸಕ್ತಿ ಮತ್ತು ಸ್ವಂತ ಅನುಭವದ ಪಾತ್ರ

(ಕೈಗಾರಿಕಾ ತರಬೇತಿ ಸಂಸ್ಥೆಗಳಿಗೆ ಅರ್ಜಿ ಸಲ್ಲಿಸುವ ಅಭ್ಯರ್ಥಿಗಳು ಹಾಗೂ ಅವರ ಪೋಷಕರ ಮಾಹಿತಿಗಾಗಿ)

1. ಪೀಠಿಕೆ

ಕೈಗಾರಿಕಾ ತರಬೇತಿ ಸಂಸ್ಥೆಗಳಿಗೆ (ಐ.ಟಿ.ಐ.) ಪ್ರವೇಶ ಬಯಸುವ ಅಭ್ಯರ್ಥಿಗಳು ತಮಗೆ ಬೇಕಾದ ಸಂಸ್ಥೆ ಮತ್ತು ವೃತ್ತಿಗಳನ್ನು ಅರ್ಜಿಯಲ್ಲಿ ಆದ್ಯತೆಯ ಕ್ರಮದಲ್ಲಿ ನಮೂದಿಸಬೇಕಾಗುತ್ತದೆ. ಸೀಟು ಹಂಚಿಕೆಯು ಅರ್ಹತಾ ಪರೀಕ್ಷೆಯ ಅಂಕಗಳು ಹಾಗೂ ಮೀಸಲಾತಿ ನಿಯಮಗಳ ಅನುಸಾರ ನಡೆಯುತ್ತದೆ. ಆದರೆ ಆದ್ಯತೆಯ ಪಟ್ಟಿಯಲ್ಲಿ ಯಾವ ವೃತ್ತಿಯನ್ನು ಮೊದಲು, ಯಾವುದನ್ನು ನಂತರ ಬರೆಯಬೇಕೆಂಬ ನಿರ್ಧಾರವು ಅಭ್ಯರ್ಥಿಗೆ ಸೇರಿದ್ದು.

ಈ ನಿರ್ಧಾರವನ್ನು ಸ್ನೇಹಿತರ ಆಯ್ಕೆಯನ್ನು ನೋಡಿ ಅಥವಾ ಅರ್ಜಿ ತುಂಬಿಕೊಡುವವರ ಮಾತಿನಂತೆ ಕೊನೆಯ ದಿನ ಅವಸರದಲ್ಲಿ ಕೈಗೊಳ್ಳುವುದುಂಟು. ಹೀಗೆ ಆಯ್ದುಕೊಂಡ ವೃತ್ತಿಯಲ್ಲಿ ಮನಸ್ಸು ನಿಲ್ಲದೆ ತರಬೇತಿಯನ್ನು ನಡುವೆಯೇ ಬಿಟ್ಟಲ್ಲಿ ಅಭ್ಯರ್ಥಿಯ ಒಂದು ವರ್ಷ ವ್ಯರ್ಥವಾಗುತ್ತದೆ. ಅದೇ ಸೀಟನ್ನು ಬಯಸಿದ್ದ ಮತ್ತೊಬ್ಬರಿಗೂ ಅದು ದೊರೆಯದೆ ಹೋಗುತ್ತದೆ. ಆಸಕ್ತಿ ಮತ್ತು ಪೂರ್ವಾನುಭವಗಳು ವೃತ್ತಿ ಕಲಿಕೆಗೆ ಹೇಗೆ ನೆರವಾಗುತ್ತವೆ, ಎಲ್ಲಿ ಅಡ್ಡಿಯಾಗುತ್ತವೆ ಹಾಗೂ ಅವುಗಳನ್ನು ಅಭ್ಯರ್ಥಿಗಳು ಹೇಗೆ ಬಳಸಿಕೊಳ್ಳಬಹುದು ಎಂಬುದನ್ನು ಈ ಕೆಳಗೆ ವಿವರಿಸಲಾಗಿದೆ.

2. ಹಿನ್ನೆಲೆ

ಕೆಲಸದ ಮೂಲಕವೇ ವಿದ್ಯೆ ಎಂಬ ವಿಚಾರವು ನಮ್ಮ ದೇಶಕ್ಕೆ ಹೊಸದಲ್ಲ. 1937 ರ ಅಕ್ಟೋಬರ್ ತಿಂಗಳಲ್ಲಿ ವಾರ್ಧಾದಲ್ಲಿ ನಡೆದ ಶಿಕ್ಷಣ ಸಮ್ಮೇಳನದಲ್ಲಿ ಮಹಾತ್ಮ ಗಾಂಧೀಜಿಯವರು ಕೈಕಸುಬನ್ನು ಕೇಂದ್ರವಾಗಿಟ್ಟುಕೊಂಡ ಮೂಲಶಿಕ್ಷಣದ ಯೋಜನೆಯನ್ನು ಮುಂದಿಟ್ಟರು. ಸ್ವಾತಂತ್ರ್ಯಾನಂತರ ಕೇಂದ್ರ ಸರ್ಕಾರವು 1950 ರಲ್ಲಿ ಕುಶಲಕರ್ಮಿಗಳ ತರಬೇತಿ ಯೋಜನೆಯನ್ನು ಆರಂಭಿಸಿತು. ಇಂದಿನ ಕೈಗಾರಿಕಾ ತರಬೇತಿ ಸಂಸ್ಥೆಗಳು ಈ ಯೋಜನೆಯಡಿಯಲ್ಲಿಯೇ ಕಾರ್ಯನಿರ್ವಹಿಸುತ್ತಿವೆ. ಕಾರ್ಖಾನೆಗಳಲ್ಲಿ ಕೆಲಸ ಮಾಡುತ್ತ ಕಲಿಯುವವರಿಗಾಗಿ 1961 ರ ಅಪ್ರೆಂಟಿಸ್ ಅಧಿನಿಯಮವು ಜಾರಿಗೆ ಬಂದಿತು.

ಈ ತರಬೇತಿಯಲ್ಲಿ ಕೈಕೆಲಸಕ್ಕೆ ದೊರೆಯುವ ಪ್ರಾಧಾನ್ಯವನ್ನು ಪಠ್ಯಕ್ರಮದ ಗಂಟೆಗಳ ಹಂಚಿಕೆಯಿಂದಲೇ ತಿಳಿಯಬಹುದು. 2022 ರಲ್ಲಿ ಪರಿಷ್ಕೃತವಾದ ಕ್ರಮದಂತೆ ಒಂದು ವರ್ಷ ಅವಧಿಯ ವೃತ್ತಿಯೊಂದರಲ್ಲಿ ಒಟ್ಟು 1200 ಗಂಟೆಗಳ ತರಬೇತಿ ಇರುತ್ತದೆ. ಅದರ ವಿವರ ಹೀಗಿದೆ:

- ವೃತ್ತಿಯ ಪ್ರಾಯೋಗಿಕ ಕೆಲಸ: 840 ಗಂಟೆಗಳು
- ವೃತ್ತಿಯ ಸಿದ್ಧಾಂತ: 240 ಗಂಟೆಗಳು
- ಉದ್ಯೋಗಾರ್ಹತಾ ಕೌಶಲ: 120 ಗಂಟೆಗಳು

ಇದಲ್ಲದೆ ಕೈಗಾರಿಕೆಯಲ್ಲಿ ಕೆಲಸದ ತರಬೇತಿ ಅಥವಾ ಗುಂಪು ಯೋಜನಾಕಾರ್ಯಕ್ಕಾಗಿ 150 ಗಂಟೆಗಳನ್ನು ನಿಗದಿಪಡಿಸಲಾಗಿದೆ. ಅಂದರೆ ತರಬೇತಿಯ ಶೇಕಡ 70 ರಷ್ಟು ಸಮಯವನ್ನು ಕಾರ್ಯಾಗಾರದಲ್ಲಿ, ಉಪಕರಣ ಹಿಡಿದು ಕಳೆಯಬೇಕಾಗುತ್ತದೆ. ಕೈಕೆಲಸದಲ್ಲಿ ಮನಸ್ಸಿಲ್ಲದವರಿಗೆ ಈ ಸಮಯವು ಹೊರೆಯಾಗುವುದು ಸಹಜ. ಆದ್ದರಿಂದ ಆಸಕ್ತಿಯ ಪ್ರಶ್ನೆಯು ಇಲ್ಲಿ ಸಾಮಾನ್ಯ ಶಾಲಾ ಶಿಕ್ಷಣದಲ್ಲಿರುವುದಕ್ಕಿಂತ ಹೆಚ್ಚು ಮುಖ್ಯವಾಗುತ್ತದೆ.

3. ಕಲಿತದ್ದು ನೆನಪಿನಲ್ಲಿ ಉಳಿಯುವ ಬಗೆ

ಜರ್ಮನಿಯ ಮನಃಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹಾಸ್ ಅವರು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಕಂಠಪಾಠ ಮಾಡಿ, ಅವು ಎಷ್ಟು ಬೇಗ ಮರೆಯುತ್ತವೆ ಎಂಬುದನ್ನು ಅಳೆದು 1885 ರಲ್ಲಿ ಪ್ರಕಟಿಸಿದರು. ಅರ್ಥವಿಲ್ಲದ ವಿಷಯದ ಹೆಚ್ಚಿನ ಭಾಗವು ಕಲಿತ ಅಲ್ಪ ಸಮಯದಲ್ಲಿಯೇ ಮರೆತುಹೋಗುವುದು ಅವರಿಗೆ ಕಂಡುಬಂದಿತು. ಅರ್ಥವುಳ್ಳ ಪದ್ಯಭಾಗಗಳನ್ನು ಕಲಿಯಲು ಮಾತ್ರ, ಅಷ್ಟೇ ಉದ್ದದ ಅರ್ಥಹೀನ ಅಕ್ಷರಗಳಿಗೆ ಬೇಕಾದ ಶ್ರಮದ ಸುಮಾರು ಹತ್ತನೆಯ ಒಂದು ಭಾಗವೇ ಸಾಕಾಗಿತ್ತು.

ವೃತ್ತಿ ತರಬೇತಿಗೂ ಈ ಮಾತು ಅನ್ವಯಿಸುತ್ತದೆ. ಹೊಸದಾಗಿ ಕೇಳಿದ ವಿಷಯವು ಅಭ್ಯರ್ಥಿಗೆ ಮೊದಲೇ ತಿಳಿದಿರುವ ಸಂಗತಿಯೊಂದಕ್ಕೆ ತಗುಲಿಕೊಂಡಾಗ ಅದಕ್ಕೆ ಅರ್ಥ ಬರುತ್ತದೆ. ಅರ್ಥ ಬಂದದ್ದು ಉಳಿಯುತ್ತದೆ. ಹಾಗೆ ತಗುಲಿಕೊಳ್ಳಲು ಏನೂ ಇಲ್ಲದಿದ್ದಲ್ಲಿ ಸಿದ್ಧಾಂತದ ಪಾಠವು ಪರೀಕ್ಷೆಯವರೆಗೆ ಬಾಯಿಪಾಠವಾಗಿದ್ದು, ಅನಂತರ ಮರೆತುಹೋಗುತ್ತದೆ.

4. ಪೂರ್ವಾನುಭವವು ಪಾಠಕ್ಕೆ ನೆರವಾಗುವ ಕೆಲವು ಉದಾಹರಣೆಗಳು

ಅ) ಎಲೆಕ್ಟ್ರಿಷಿಯನ್: ಕೊಳವೆಬಾವಿಯ ಪಂಪ್‌ಸೆಟ್ ಇರುವ ರೈತ ಕುಟುಂಬದ ಮಕ್ಕಳು, ಮೂರು ಫೇಸ್‌ಗಳಲ್ಲಿ ಒಂದು ಹೋದಾಗ ಸ್ಟಾರ್ಟರ್ ಒತ್ತಿದರೂ ಮೋಟಾರು ತಿರುಗದೆ ಬರಿದೇ ಗುಂಯ್‌ಗುಡುವುದನ್ನು ಕೇಳಿರುತ್ತಾರೆ. ಓಡುತ್ತಿರುವಾಗಲೇ ಒಂದು ಫೇಸ್ ಹೋಗಿ ಮೋಟಾರು ಸುಟ್ಟು, ರಿವೈಂಡಿಂಗ್‌ಗೆಂದು ಪೇಟೆಗೆ ಒಯ್ದದ್ದನ್ನೂ ನೋಡಿರುತ್ತಾರೆ. ಒಂದು ಫೇಸ್ ತಪ್ಪಿದಾಗ ಉಳಿದ ಎರಡರಲ್ಲಿ ವಿದ್ಯುತ್ ಪ್ರವಾಹ ಹೆಚ್ಚಿ ಸುರುಳಿ ಬಿಸಿಯಾಗುತ್ತದೆ ಎಂಬ ಪಾಠವನ್ನು ಇಂತಹ ಅಭ್ಯರ್ಥಿಗೆ ಎರಡನೆಯ ಬಾರಿ ಹೇಳಬೇಕಾಗುವುದಿಲ್ಲ. ಓವರ್‌ಲೋಡ್ ರಿಲೇ ಏಕೆ ಬೇಕು ಎಂಬುದು ಆತನಿಗೆ ಮನೆಯ ನಷ್ಟದಿಂದಲೇ ತಿಳಿದಿರುತ್ತದೆ.

ಆ) ಕಾರ್ಪೆಂಟರ್: ಮಳೆಗಾಲದಲ್ಲಿ ಮರದ ಬಾಗಿಲು ಬಿಗಿದು ತೆರೆಯಲು ಕಷ್ಟವಾಗುವುದು, ಬೇಸಿಗೆಯಲ್ಲಿ ಅದೇ ಬಾಗಿಲಿನ ಸಂದು ಅಗಲವಾಗುವುದು ಮಲೆನಾಡಿನ ಮನೆಗಳಲ್ಲಿ ಎಲ್ಲರಿಗೂ ಪರಿಚಿತ. ಮರವು ತೇವಕ್ಕೆ ಹಿಗ್ಗುವುದೂ ಒಣಗಿದಾಗ ಕುಗ್ಗುವುದೂ ಮುಖ್ಯವಾಗಿ ಎಳೆಗಳಿಗೆ ಅಡ್ಡಲಾಗಿ. ಉದ್ದಕ್ಕೆ ಆಗುವ ವ್ಯತ್ಯಾಸ ಅತ್ಯಲ್ಪ. ಬಾಗಿಲಿನ ಹಲಗೆಯನ್ನು ಚೌಕಟ್ಟಿನ ತೋಡಿನಲ್ಲಿ ಅಂಟು ಹಾಕದೆ ಸಡಿಲವಾಗಿ ಕೂರಿಸುವುದರ ಕಾರಣವನ್ನು ಈ ಅನುಭವವುಳ್ಳವರು ಕೂಡಲೇ ಗ್ರಹಿಸುತ್ತಾರೆ.

ಇ) ಉಡುಪು ತಯಾರಿಕೆ: ಮನೆಯಲ್ಲಿ ತಾಯಿ ಅಥವಾ ಅಕ್ಕ ಹೊಲಿಗೆ ಯಂತ್ರದಲ್ಲಿ ಕೆಲಸ ಮಾಡುವುದನ್ನು ಕಂಡವರಿಗೆ, ಬಟ್ಟೆಯನ್ನು ಹಾಸು ಅಥವಾ ಹೊಕ್ಕಿನ ಗುಂಟ ಎಳೆದರೆ ಹಿಗ್ಗದು, ಓರೆಯಾಗಿ ಎಳೆದರೆ ಹಿಗ್ಗುತ್ತದೆ ಎಂಬುದು ಕೈಯಿಂದಲೇ ತಿಳಿದಿರುತ್ತದೆ. ರವಿಕೆಗೆ ಕ್ರಾಸ್ ಕಟಿಂಗ್ ಏಕೆ ಮಾಡುತ್ತಾರೆ ಎಂಬ ಪಾಠವು ಅಂಥವರಿಗೆ ಹೊಸ ವಿಷಯವಾಗಿರದೆ, ತಿಳಿದ ವಿಷಯಕ್ಕೆ ದೊರೆತ ಕಾರಣವಾಗಿರುತ್ತದೆ.

ಮೇಲಿನ ಮೂರೂ ಉದಾಹರಣೆಗಳಲ್ಲಿ ಅಭ್ಯರ್ಥಿಯು ಆ ವೃತ್ತಿಯಲ್ಲಿ ದುಡಿದಿರಲೇಬೇಕೆಂದೇನೂ ಇಲ್ಲ. ನೋಡಿರುವುದು, ಕೇಳಿರುವುದು, ಮನೆಮಂದಿಗೆ ಆದ ತೊಂದರೆಯನ್ನು ಅರಿತಿರುವುದು ಇವೆಲ್ಲವೂ ಅನುಭವವೇ ಆಗಿವೆ.

5. ಆಸಕ್ತಿಯು ಬೆಳೆಯುವ ಹಂತಗಳು

ಆಸಕ್ತಿಯು ಹುಟ್ಟಿನಿಂದಲೇ ಬರುತ್ತದೆ, ಇಲ್ಲದವರಿಗೆ ಇಲ್ಲ ಎಂಬ ಭಾವನೆ ಸಾಮಾನ್ಯವಾಗಿದೆ. ಸುಝಾನ್ ಹಿಡಿ ಮತ್ತು ಆನ್ ರೆನ್ನಿಂಜರ್ ಎಂಬ ವಿದ್ವಾಂಸರು 2006 ರಲ್ಲಿ ಆಸಕ್ತಿಯ ಬೆಳವಣಿಗೆಯನ್ನು ನಾಲ್ಕು ಹಂತಗಳಲ್ಲಿ ವಿವರಿಸಿದ್ದಾರೆ:

(1) ಯಾವುದೋ ಸಂದರ್ಭದಲ್ಲಿ ಕುತೂಹಲ ಮೂಡುವುದು.
(2) ಅನುಕೂಲವಾದ ವಾತಾವರಣದಲ್ಲಿ ಆ ಕುತೂಹಲವು ಉಳಿದುಕೊಳ್ಳುವುದು.
(3) ಅದು ವ್ಯಕ್ತಿಯ ಸ್ವಂತ ಆಸಕ್ತಿಯಾಗಿ ಚಿಗುರುವುದು.
(4) ಬೇರೆಯವರ ಒತ್ತಾಯವಿಲ್ಲದೆ ತಾನಾಗಿಯೇ ಮುಂದುವರಿಯುವ ದೃಢವಾದ ಆಸಕ್ತಿಯಾಗುವುದು.

ಮೊದಲ ಆದ್ಯತೆಯ ವೃತ್ತಿ ದೊರೆಯದ ಅಭ್ಯರ್ಥಿಗಳು ಈ ಅಂಶವನ್ನು ವಿಶೇಷವಾಗಿ ಗಮನಿಸತಕ್ಕದ್ದು. ಮೂರನೆಯ ಅಥವಾ ನಾಲ್ಕನೆಯ ಆದ್ಯತೆಯ ವೃತ್ತಿಯಲ್ಲಿಯೂ ಆಸಕ್ತಿ ಬೆಳೆಯಲು ಅವಕಾಶವಿದೆ. ಆದರೆ ಅದಕ್ಕೆ ಕಾಲಾವಕಾಶ ಬೇಕು. ಫಿಟ್ಟರ್ ವೃತ್ತಿಯ ಆರಂಭದ ದಿನಗಳನ್ನು ಇದಕ್ಕೆ ಉದಾಹರಣೆಯಾಗಿ ನೋಡಬಹುದು. ಕಬ್ಬಿಣದ ತುಂಡನ್ನು ವೈಸ್‌ಗೆ ಕಟ್ಟಿ ದಿನವಿಡೀ ಫೈಲಿಂಗ್ ಮಾಡುವ ಕೆಲಸವು ಹೊಸಬರಿಗೆ ಬೇಸರ ತರಿಸುತ್ತದೆ. ಅಂಗೈಯಲ್ಲಿ ಬೊಬ್ಬೆ ಏಳುತ್ತದೆ. ಆದರೆ ಟ್ರೈ ಸ್ಕ್ವೇರನ್ನು ಆ ಮುಖದ ಮೇಲಿಟ್ಟು ಬೆಳಕಿಗೆ ಹಿಡಿದು, ಬೆಳಕು ಎಲ್ಲಿ ನುಸುಳುತ್ತದೆ ಎಂದು ತಾನೇ ಪರೀಕ್ಷಿಸಲು ಕಲಿತ ದಿನದಿಂದ ತರಬೇತುದಾರನಿಗೆ ತನ್ನ ಕೆಲಸದ ಗುಣಮಟ್ಟ ಕಣ್ಣಿಗೆ ಕಾಣತೊಡಗುತ್ತದೆ. ಅನಂತರ ವರ್ನಿಯರ್ ಕ್ಯಾಲಿಪರ್‌ನಲ್ಲಿ 0.02 ಮಿಲಿಮೀಟರ್‌ವರೆಗೆ ಅಳತೆ ನೋಡುವಾಗ, ತಾನು ಸಿದ್ಧಪಡಿಸಿದ ಎರಡು ಭಾಗಗಳು ಒಂದರೊಳಗೊಂದು ಸರಿಯಾಗಿ ಕೂರುವಾಗ, ಬೇಸರದ ಜಾಗದಲ್ಲಿ ಹುರುಪು ಮೂಡುವುದುಂಟು. ಆದ್ದರಿಂದ ಮೊದಲ ಕೆಲವು ವಾರಗಳ ಬೇಸರವನ್ನೇ ಕಾರಣವಾಗಿಟ್ಟುಕೊಂಡು ತರಬೇತಿಯನ್ನು ಬಿಡುವ ನಿರ್ಧಾರ ಕೈಗೊಳ್ಳಬಾರದು.

6. ಅನುಭವದೊಂದಿಗೆ ಬರುವ ತಪ್ಪು ರೂಢಿಗಳು

ಅನುಭವವೆಲ್ಲವೂ ಒಳ್ಳೆಯ ಗುರುವಾಗಿರುವುದಿಲ್ಲ. ಮನೆ, ಹೊಲ ಮತ್ತು ಸಣ್ಣ ವರ್ಕ್‌ಶಾಪ್‌ಗಳಲ್ಲಿ ಕಲಿತ ಕೆಲವು ರೂಢಿಗಳು ಅಪಾಯಕಾರಿಯಾಗಿರುತ್ತವೆ. ಅವುಗಳಲ್ಲಿ ಕೆಲವನ್ನು ಇಲ್ಲಿ ಸೂಚಿಸಲಾಗಿದೆ.

- ಫ್ಯೂಸ್ ಹೋದಾಗ ಸರಿಯಾದ ಅಳತೆಯ ತಂತಿಯ ಬದಲು ದಪ್ಪ ತಾಮ್ರದ ತಂತಿಯನ್ನು ಸುತ್ತುವುದು. ಇದರಿಂದ ಫ್ಯೂಸ್ ಉಳಿಯುತ್ತದೆ. ಆದರೆ ಹೆಚ್ಚು ಪ್ರವಾಹ ಹರಿದು ವೈರಿಂಗ್ ಸುಟ್ಟು ಬೆಂಕಿ ಹತ್ತುವ ಸಂಭವವಿರುತ್ತದೆ.
- ವೆಲ್ಡಿಂಗ್ ಮಾಡುವಾಗ ಮುಖಕವಚದ ಬದಲು ಸಾಮಾನ್ಯ ಕಪ್ಪು ಕನ್ನಡಕ ಧರಿಸುವುದು, ಅಥವಾ ಕಣ್ಣು ಮುಚ್ಚಿ ಕಿಡಿ ಹೊಡೆಯುವುದು. ವೆಲ್ಡಿಂಗ್ ಆರ್ಕ್‌ನ ಅತಿನೇರಳೆ ಕಿರಣಗಳಿಂದ ಕಣ್ಣಿಗೆ ಆಗುವ ಹಾನಿಯು ಆ ಕ್ಷಣದಲ್ಲಿ ತಿಳಿಯುವುದಿಲ್ಲ. ಕೆಲವು ಗಂಟೆಗಳ ನಂತರ ಕಣ್ಣಿನಲ್ಲಿ ಮರಳು ಬಿದ್ದಂತೆ ಉರಿ ಆರಂಭವಾಗುತ್ತದೆ.
- ಚಾಲನೆಯಲ್ಲಿರುವ ಯಂತ್ರದ ಬಳಿ ಸಡಿಲವಾದ ಬಟ್ಟೆ, ಉಂಗುರ ಅಥವಾ ದುಪಟ್ಟಾ ಧರಿಸುವುದು. ಲೇತ್‌ನಲ್ಲಿ ಕೈಗವಸು ಹಾಕಿ ಕೆಲಸ ಮಾಡುವುದು.

ಇಂತಹ ರೂಢಿಗಳನ್ನು ತಿದ್ದುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ. ಪೂರ್ವಾನುಭವವುಳ್ಳ ಅಭ್ಯರ್ಥಿಗಳು ತಮಗೆಲ್ಲ ತಿಳಿದಿದೆ ಎಂದು ಭಾವಿಸದೆ, ತಾವು ಹಿಂದೆ ಮಾಡುತ್ತಿದ್ದ ವಿಧಾನವನ್ನು ತರಬೇತಿ ಅಧಿಕಾರಿಗಳಿಗೆ ಮುಕ್ತವಾಗಿ ತಿಳಿಸಿ, ಅದು ಸರಿಯೋ ತಪ್ಪೋ ಎಂದು ವಿಚಾರಿಸಿಕೊಳ್ಳುವುದು ಒಳಿತು.

ಗಮನಿಸಿ: ಅನುಭವ ಪಡೆಯಲೆಂದು ಮಕ್ಕಳನ್ನು ದುಡಿಮೆಗೆ ಹಚ್ಚುವುದು ಕಾನೂನಿಗೆ ವಿರುದ್ಧವಾಗಿದೆ. 2016 ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ನಿಷೇಧ ಕಾಯಿದೆಯಂತೆ 14 ವರ್ಷದೊಳಗಿನ ಮಕ್ಕಳನ್ನು ಉದ್ಯೋಗದಲ್ಲಿ ತೊಡಗಿಸುವಂತಿಲ್ಲ. 14 ರಿಂದ 18 ವರ್ಷದೊಳಗಿನವರನ್ನು ಅಪಾಯಕಾರಿ ಕೆಲಸಗಳಲ್ಲಿ ತೊಡಗಿಸುವಂತಿಲ್ಲ. ಶಾಲೆಯ ಸಮಯದ ನಂತರ ಅಥವಾ ರಜಾದಿನಗಳಲ್ಲಿ, ಅಪಾಯಕಾರಿಯಲ್ಲದ ಕುಟುಂಬದ ಕಸುಬಿನಲ್ಲಿ ಮಕ್ಕಳು ನೆರವಾಗುವುದಕ್ಕೆ ಕಾಯಿದೆಯಲ್ಲಿ ವಿನಾಯಿತಿ ಇದೆ. ಶಾಲಾ ಮಕ್ಕಳಿಗೆ ವೃತ್ತಿಗಳ ಪರಿಚಯ ಮಾಡಿಕೊಡಲು 2020 ರ ರಾಷ್ಟ್ರೀಯ ಶಿಕ್ಷಣ ನೀತಿಯು 6 ರಿಂದ 8 ನೇ ತರಗತಿಯ ಅವಧಿಯಲ್ಲಿ ಹತ್ತು ದಿನಗಳ ಬ್ಯಾಗ್‌ರಹಿತ ಕಲಿಕೆಯನ್ನು ಸೂಚಿಸಿದೆ. ಆ ದಿನಗಳಲ್ಲಿ ಮಕ್ಕಳು ಸ್ಥಳೀಯ ಬಡಗಿ, ಕುಂಬಾರ, ತೋಟಗಾರ ಮುಂತಾದವರ ಬಳಿ ಕೆಲಸವನ್ನು ಕಂಡು ಕಲಿಯಬೇಕೆಂಬುದು ಅದರ ಆಶಯ.

7. ಆದ್ಯತೆಯ ಪಟ್ಟಿ ಸಿದ್ಧಪಡಿಸುವ ಮುನ್ನ ಅನುಸರಿಸಬೇಕಾದ ಕ್ರಮಗಳು

(1) ಸಂಸ್ಥೆಗೆ ಭೇಟಿ: ಅರ್ಜಿ ಸಲ್ಲಿಸುವ ಮೊದಲು ಸಮೀಪದ ಐ.ಟಿ.ಐ.ಗೆ ಪೋಷಕರೊಂದಿಗೆ ಭೇಟಿ ನೀಡಿ, ಪ್ರಾಚಾರ್ಯರ ಅನುಮತಿ ಪಡೆದು, ಬಯಸುವ ವೃತ್ತಿಯ ಕಾರ್ಯಾಗಾರವನ್ನು ನೋಡುವುದು. ಶಬ್ದ, ಶಾಖ, ನಿಂತು ಮಾಡುವ ಕೆಲಸ, ಸೂಕ್ಷ್ಮ ಅಳತೆ ಇವುಗಳಲ್ಲಿ ಯಾವುದು ತನಗೆ ಒಗ್ಗುತ್ತದೆ ಎಂಬುದು ಮಾಹಿತಿ ಪುಸ್ತಕದಿಂದ ತಿಳಿಯದು.

(2) ಹೊಸ ವೃತ್ತಿಗಳ ಪರಿಚಯ: ರಾಜ್ಯದ 150 ಸರ್ಕಾರಿ ಐ.ಟಿ.ಐ.ಗಳನ್ನು ತಂತ್ರಜ್ಞಾನ ಕೇಂದ್ರಗಳಾಗಿ ಮೇಲ್ದರ್ಜೆಗೇರಿಸಿ 2022 ರ ಜೂನ್ ತಿಂಗಳಲ್ಲಿ ಲೋಕಾರ್ಪಣೆ ಮಾಡಲಾಯಿತು. ಆಧುನಿಕ ಯಂತ್ರಗಳನ್ನು ಆಧರಿಸಿದ ವೃತ್ತಿಗಳ ಅನುಭವವು ಹೆಚ್ಚಿನ ಮನೆಗಳಲ್ಲಿ ದೊರೆಯುವುದಿಲ್ಲ. ಅನುಭವವಿಲ್ಲವೆಂಬ ಕಾರಣಕ್ಕೆ ಅವುಗಳನ್ನು ಕೈಬಿಡದೆ, ಒಮ್ಮೆ ನೋಡಿ ನಿರ್ಧರಿಸುವುದು ಸೂಕ್ತ.

(3) ಸ್ವಂತ ಪರಿಶೀಲನೆ: ಈ ಮೂರು ಪ್ರಶ್ನೆಗಳಿಗೆ ಅಭ್ಯರ್ಥಿಯು ತನ್ನ ಕೈಯಾರೆ ಉತ್ತರ ಬರೆಯುವುದು.
- ಯಾರೂ ಹೇಳದಿದ್ದರೂ ತಾನಾಗಿ ಬಿಚ್ಚಿ ನೋಡಿದ, ಸರಿಪಡಿಸಿದ ಅಥವಾ ತಯಾರಿಸಿದ ವಸ್ತು ಯಾವುದು?
- ಮನೆಯಲ್ಲಿ ಅಥವಾ ಊರಿನಲ್ಲಿ ಯಾವ ಕೆಲಸ ನಡೆಯುವಾಗ ನಿಂತು ನೋಡುವ ಮನಸ್ಸಾಗುತ್ತದೆ?
- ಒಮ್ಮೆ ಕೆಟ್ಟರೂ ಮತ್ತೆ ಮಾಡಬೇಕೆನಿಸಿದ ಕೆಲಸ ಯಾವುದು?

(4) ವೃತ್ತಿಯಲ್ಲಿರುವವರೊಂದಿಗೆ ಮಾತುಕತೆ: ಆ ವೃತ್ತಿಯಲ್ಲಿ ಕನಿಷ್ಠ ಕೆಲವು ವರ್ಷ ದುಡಿದವರೊಬ್ಬರನ್ನು ಕಂಡು, ದಿನದ ಕೆಲಸ, ಆದಾಯ ಮತ್ತು ತೊಂದರೆಗಳ ಬಗ್ಗೆ ವಿಚಾರಿಸುವುದು. ಉದ್ಯೋಗಾವಕಾಶವನ್ನು ಬದಿಗಿಟ್ಟು ಕೇವಲ ಆಸಕ್ತಿಯನ್ನು ನೋಡುವುದೂ ಸರಿಯಲ್ಲ.

(5) ಪೋಷಕರ ಪಾತ್ರ: ಪೋಷಕರು ಸಲಹೆ ನೀಡಬಹುದು, ಆದರೆ ಪಟ್ಟಿಯನ್ನು ಮಗ ಅಥವಾ ಮಗಳಿಂದಲೇ ಬರೆಸತಕ್ಕದ್ದು. ವೆಲ್ಡರ್, ಎಲೆಕ್ಟ್ರಿಷಿಯನ್, ಫಿಟ್ಟರ್ ಮುಂತಾದ ವೃತ್ತಿಗಳಿಗೆ ಹೆಣ್ಣುಮಕ್ಕಳೂ ಅರ್ಜಿ ಸಲ್ಲಿಸಬಹುದು. ಆಸಕ್ತಿಯಿರುವ ಮಗಳನ್ನು ರೂಢಿಯ ಕಾರಣಕ್ಕೆ ತಡೆಯಬಾರದು.

8. ತರಬೇತಿಯ ಅವಧಿಯಲ್ಲಿ ಅನುಭವದ ಬಳಕೆ

ಪ್ರವೇಶ ಪಡೆದ ನಂತರ ಈ ಕ್ರಮಗಳು ಕಲಿತದ್ದನ್ನು ಉಳಿಸಿಕೊಳ್ಳಲು ಸಹಕಾರಿಯಾಗುತ್ತವೆ.

- ಪ್ರಾಯೋಗಿಕ ದಾಖಲೆ ಪುಸ್ತಕದಲ್ಲಿ ಪ್ರತಿ ಕೆಲಸದ ಕೊನೆಗೆ ಎರಡು ಸಾಲು ಹೆಚ್ಚಾಗಿ ಬರೆಯುವುದು: ಇದನ್ನು ಮೊದಲು ಎಲ್ಲಿ ಕಂಡದ್ದು, ಅಲ್ಲಿಗೂ ಇಲ್ಲಿಗೂ ಏನು ವ್ಯತ್ಯಾಸ.
- ಪ್ರಾತ್ಯಕ್ಷಿಕೆ ಆರಂಭವಾಗುವ ಮುನ್ನ ಫಲಿತಾಂಶ ಏನಾಗಬಹುದೆಂದು ಊಹಿಸಿ, ಆಮೇಲೆ ಹೋಲಿಸಿ ನೋಡುವುದು. ಊಹೆ ತಪ್ಪಾದ ಪಾಠವು ಹೆಚ್ಚು ಕಾಲ ನೆನಪಿನಲ್ಲಿ ಉಳಿಯುತ್ತದೆ.
- ಕಲಿತದ್ದನ್ನು ಕೆಲವು ದಿನಗಳ ಅಂತರದಲ್ಲಿ, ಪುಸ್ತಕ ನೋಡದೆ ಮತ್ತೊಮ್ಮೆ ಮಾಡಿ ನೋಡುವುದು.
- ಗುಂಪು ಯೋಜನಾಕಾರ್ಯಕ್ಕೆ ತಮ್ಮ ಊರಿನ ಅಥವಾ ಮನೆಯ ನಿಜವಾದ ಸಮಸ್ಯೆಯೊಂದನ್ನು ಆರಿಸಿಕೊಳ್ಳುವುದು.
- ಸಹಪಾಠಿಗಳಲ್ಲಿ ಒಬ್ಬರಿಗೆ ಪಂಪ್‌ಸೆಟ್ ತಿಳಿದಿದ್ದರೆ ಮತ್ತೊಬ್ಬರಿಗೆ ದ್ವಿಚಕ್ರ ವಾಹನ ತಿಳಿದಿರಬಹುದು. ಪರಸ್ಪರ ವಿವರಿಸಿ ಹೇಳುವುದರಿಂದ ಇಬ್ಬರಿಗೂ ಲಾಭವಾಗುತ್ತದೆ.

ಕಿರಿಯ ತರಬೇತಿ ಅಧಿಕಾರಿಗಳು ಆರಂಭದ ವಾರದಲ್ಲಿಯೇ ಪ್ರತಿಯೊಬ್ಬರ ಪೂರ್ವಾನುಭವವನ್ನು ಕೇಳಿ ತಿಳಿದುಕೊಂಡಲ್ಲಿ, ಪಾಠದ ಉದಾಹರಣೆಗಳನ್ನು ಅದಕ್ಕೆ ತಕ್ಕಂತೆ ಆಯ್ದುಕೊಳ್ಳಬಹುದು. ತಪ್ಪು ರೂಢಿಗಳನ್ನು ಅಪಘಾತವಾಗುವ ಮೊದಲೇ ಗುರುತಿಸುವುದಕ್ಕೂ ಇದರಿಂದ ಸಾಧ್ಯವಾಗುತ್ತದೆ.

9. ಪ್ರಮಾಣಪತ್ರವಿಲ್ಲದ ಅನುಭವಕ್ಕೆ ಮಾನ್ಯತೆ

ಶಾಲೆ ಬಿಟ್ಟು ವರ್ಷಗಟ್ಟಲೆ ದುಡಿದು ಕೆಲಸ ಕಲಿತವರ ಕೈಯಲ್ಲಿ ಕೌಶಲವಿದ್ದರೂ ಅದನ್ನು ತೋರಿಸುವ ಕಾಗದವಿರುವುದಿಲ್ಲ. ಅಂಥವರು ಈ ಅವಕಾಶಗಳ ಬಗ್ಗೆ ವಿಚಾರಿಸಬಹುದು.

ಅ) ಪೂರ್ವ ಕಲಿಕೆಯ ಮಾನ್ಯತೆ: 2015 ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ ಮೂಲಕ ಈ ಕ್ರಮವು ವ್ಯಾಪಕವಾಗಿ ಜಾರಿಗೆ ಬಂದಿತು. ಅಭ್ಯರ್ಥಿಗೆ ಈಗಾಗಲೇ ಇರುವ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡುವುದು ಇದರ ಉದ್ದೇಶ.

ಆ) ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ: ಕೇಂದ್ರದ ತರಬೇತಿ ಮಹಾನಿರ್ದೇಶನಾಲಯವು ಕಾಲಕಾಲಕ್ಕೆ ನಿಗದಿಪಡಿಸುವ ಷರತ್ತುಗಳಿಗೆ ಒಳಪಟ್ಟು, ಅನುಭವವುಳ್ಳವರು ಅಖಿಲ ಭಾರತ ವೃತ್ತಿ ಪರೀಕ್ಷೆಗೆ ಖಾಸಗಿಯಾಗಿ ಹಾಜರಾಗಲು ಅವಕಾಶವಿದೆ.

ಇ) ಅಪ್ರೆಂಟಿಸ್ ತರಬೇತಿ: 1961 ರ ಅಧಿನಿಯಮದಡಿ ನೋಂದಾಯಿತ ಕರಾರಿನ ಮೇಲೆ, ಶಿಷ್ಯವೇತನದೊಂದಿಗೆ ಕೈಗಾರಿಕೆಯಲ್ಲಿ ತರಬೇತಿ ಪಡೆಯಬಹುದು. ಇದಕ್ಕೆ ಕನಿಷ್ಠ ವಯಸ್ಸು 14 ವರ್ಷ. ಅಪಾಯಕಾರಿ ಕೈಗಾರಿಕೆಗಳಲ್ಲಿ 18 ವರ್ಷ.

ಈ) ಪಿ.ಎಂ. ವಿಶ್ವಕರ್ಮ ಯೋಜನೆ: 2023 ರ ಸೆಪ್ಟೆಂಬರ್ 17 ರಂದು ಆರಂಭವಾದ ಈ ಯೋಜನೆಯಲ್ಲಿ ಬಡಗಿ, ಕಮ್ಮಾರ, ಕುಂಬಾರ, ಅಕ್ಕಸಾಲಿಗ, ದರ್ಜಿ ಸೇರಿದಂತೆ 18 ಸಾಂಪ್ರದಾಯಿಕ ಕಸುಬುಗಳನ್ನು ಸೇರಿಸಲಾಗಿದೆ. 18 ವರ್ಷ ತುಂಬಿದ ಕುಶಲಕರ್ಮಿಗಳಿಗೆ ಕೌಶಲದ ಪರಿಶೀಲನೆಯ ನಂತರ 5 ರಿಂದ 7 ದಿನಗಳ ಮೂಲ ತರಬೇತಿ, ದಿನಕ್ಕೆ ರೂ. 500 ಭತ್ಯೆ ಹಾಗೂ ರೂ. 15,000 ವರೆಗೆ ಉಪಕರಣಗಳಿಗೆ ನೆರವು ನೀಡಲು ಯೋಜನೆಯಲ್ಲಿ ಅವಕಾಶ ಕಲ್ಪಿಸಲಾಗಿದೆ.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಯಾವ ವೃತ್ತಿಯ ಅನುಭವವೂ ಇಲ್ಲದವರು ಐ.ಟಿ.ಐ.ಗೆ ಸೇರಬಹುದೇ?
ಉತ್ತರ: ಸೇರಬಹುದು. ಪ್ರವೇಶಕ್ಕೆ ಪೂರ್ವಾನುಭವವು ಅರ್ಹತೆಯಾಗಿರುವುದಿಲ್ಲ. ತರಬೇತಿಯು ಮೂಲಪಾಠಗಳಿಂದಲೇ ಆರಂಭವಾಗುತ್ತದೆ.

ಪ್ರಶ್ನೆ: ಹತ್ತನೆಯ ತರಗತಿ ಪೂರೈಸದವರಿಗೆ ಆಸಕ್ತಿ ಇದ್ದಲ್ಲಿ ಅವಕಾಶವಿದೆಯೇ?
ಉತ್ತರ: ಇದೆ. ವೆಲ್ಡರ್, ಕಾರ್ಪೆಂಟರ್, ಪ್ಲಂಬರ್ ಮುಂತಾದ ಕೆಲವು ವೃತ್ತಿಗಳಿಗೆ 8 ನೇ ತರಗತಿ ತೇರ್ಗಡೆ ಸಾಕಾಗುತ್ತದೆ. ಪ್ರವೇಶಕ್ಕೆ ಕನಿಷ್ಠ 14 ವರ್ಷ ವಯಸ್ಸಾಗಿರತಕ್ಕದ್ದು.

ಪ್ರಶ್ನೆ: ತಂದೆಯ ಕಸುಬನ್ನೇ ಆಯ್ದುಕೊಳ್ಳುವುದು ಉತ್ತಮವೇ?
ಉತ್ತರ: ಮನೆಯ ಅನುಭವವು ಕಲಿಕೆಗೆ ನೆರವಾಗುತ್ತದೆ ಎಂಬುದು ನಿಜ. ಆದರೆ ಆ ಕಸುಬಿನಲ್ಲಿ ಅಭ್ಯರ್ಥಿಗೆ ಮನಸ್ಸಿಲ್ಲದಿದ್ದರೆ ಒತ್ತಾಯಿಸುವುದು ತರವಲ್ಲ. ಒಂದು ಕೆಲಸದಲ್ಲಿ ಪಡೆದ ಅಳತೆಯ ಅರಿವು, ಉಪಕರಣ ಹಿಡಿಯುವ ಅಭ್ಯಾಸ ಮತ್ತು ತಾಳ್ಮೆ ಮತ್ತೊಂದು ವೃತ್ತಿಯಲ್ಲಿಯೂ ಉಪಯೋಗಕ್ಕೆ ಬರುತ್ತವೆ.

ಪ್ರಶ್ನೆ: ಕಡಿಮೆ ಅಂಕ ಪಡೆದವರು ಸಿದ್ಧಾಂತದ ವಿಷಯಗಳಲ್ಲಿ ಹಿಂದುಳಿಯುತ್ತಾರೆಯೇ?
ಉತ್ತರ: ಹಾಗೆಂದು ಭಾವಿಸಬೇಕಾಗಿಲ್ಲ. ಪುಸ್ತಕದಲ್ಲಿ ಕಷ್ಟವಾಗಿ ಕಂಡ ವಿಷಯವೇ ಕೈಕೆಲಸದ ಮೂಲಕ ಬಂದಾಗ ಸುಲಭವಾಗುವುದುಂಟು. ಸಿದ್ಧಾಂತದ ತರಗತಿಯಲ್ಲಿ ಕೇಳಿದ್ದನ್ನು ಅದೇ ವಾರ ಕಾರ್ಯಾಗಾರದಲ್ಲಿ ಮಾಡಿ ನೋಡುವ ಅಭ್ಯಾಸವನ್ನು ರೂಢಿಸಿಕೊಳ್ಳತಕ್ಕದ್ದು.

11. ಹೆಚ್ಚಿನ ಮಾಹಿತಿ

ಪ್ರವೇಶದ ದಿನಾಂಕಗಳು, ಲಭ್ಯವಿರುವ ವೃತ್ತಿಗಳು, ಸೀಟುಗಳ ಸಂಖ್ಯೆ ಮತ್ತು ಶುಲ್ಕದ ವಿವರಗಳು ಪ್ರತಿ ವರ್ಷದ ಅಧಿಸೂಚನೆಯಂತೆ ಬದಲಾಗುತ್ತವೆ. ಅಭ್ಯರ್ಥಿಗಳು ಸಮೀಪದ ಸರ್ಕಾರಿ ಕೈಗಾರಿಕಾ ತರಬೇತಿ ಸಂಸ್ಥೆಯ ಪ್ರಾಚಾರ್ಯರನ್ನು ಕಚೇರಿಯ ವೇಳೆಯಲ್ಲಿ ಭೇಟಿಯಾಗಿ ವಿಚಾರಿಸಬಹುದು. ಭೇಟಿಗೆ ಹೋಗುವಾಗ ಮೇಲಿನ 7 ನೇ ಭಾಗದ ಮೂರು ಪ್ರಶ್ನೆಗಳಿಗೆ ಬರೆದ ಉತ್ತರಗಳನ್ನು ಜೊತೆಗೆ ಒಯ್ದಲ್ಲಿ, ಅಭ್ಯರ್ಥಿಗೆ ತಕ್ಕ ವೃತ್ತಿಯನ್ನು ಸೂಚಿಸಲು ಸಂಸ್ಥೆಯವರಿಗೆ ಅನುಕೂಲವಾಗುತ್ತದೆ.